ಕನ್ನಡ ಕಾದಂಬರಿಯ ಪ್ರಸಾರದಲ್ಲಿ ಪುಸ್ತಕ ವ್ಯಾಪಾರಿಯ ಮಾತು

೧

ಕನ್ನಡ ಕಾದಂಬರಿಯ ಚರಿತ್ರೆಯನ್ನು ಬರೆದ ವಿದ್ವಾಂಸರು ಮುಖ್ಯವಾಗಿ ಎರಡು ಸಂಗತಿಗಳನ್ನು ಪರಿಶೀಲಿಸಿದ್ದಾರೆ. ಕಾದಂಬರಿಕಾರನ ಜೀವನ ಮತ್ತು ಕೃತಿ ಒಂದು. ನವೋದಯ, ಪ್ರಗತಿಶೀಲ, ನವ್ಯ ಮೊದಲಾದ ಪಂಥಗಳ ಉದಯಾಸ್ತ ಇನ್ನೊಂದು. ಇವೆರಡರ ಮಧ್ಯೆ ಮೂರನೆಯ ಸಂಗತಿಯೊಂದುಂಟು. ಅಚ್ಚಾದ ಕಾದಂಬರಿ ಓದುಗನ ಕೈಯನ್ನು ಸೇರಿದ್ದು ಹೇಗೆ? ಅದನ್ನು ಅವನ ಕೈಯಲ್ಲಿಟ್ಟವರು ಯಾರು, ಏನು ಹೇಳಿ ಇಟ್ಟರು? ಪುಸ್ತಕ ಮಾರುವವನು ತನ್ನ ಮೆಚ್ಚಿನ ಕಾದಂಬರಿಯನ್ನು ಗಿರಾಕಿಗೆ ತೋರಿಸಿ, “ಇದನ್ನು ಓದಿ ನೋಡಿ” ಎಂದು ಹೇಳುವ ಮಾತು ಅತ್ಯಂತ ಸಾಮಾನ್ಯವಾದುದು. ಅದು ಲಿಖಿತರೂಪದಲ್ಲಿ ಉಳಿಯುವುದಿಲ್ಲ. ಆದಕಾರಣ ಸಾಹಿತ್ಯಚರಿತ್ರೆಯ ಪುಟಗಳಲ್ಲಿ ಅದಕ್ಕೆ ಎಡೆ ದೊರೆತದ್ದು ಕಡಮೆ. ಆದರೂ ಆ ಮಾತಿಗೆ ಒಂದು ಚರಿತ್ರೆಯುಂಟು, ಕನ್ನಡ ಓದುಗವರ್ಗದ ನಿರ್ಮಾಣದಲ್ಲಿ ಅದರ ಪಾಲು ಸಣ್ಣದಲ್ಲ ಎಂಬುದನ್ನು ತೋರಿಸುವುದು ಈ ಪ್ರಬಂಧದ ಉದ್ದೇಶ.

ಈ ವಿಚಾರವನ್ನು ನಗರದ ಕಡೆಯಿಂದ ನೋಡುವುದು ವಾಡಿಕೆ. ಇಲ್ಲಿ ಅದನ್ನು ಒಂದು ಹೋಬಳಿ ಊರಿನ ಕಡೆಯಿಂದ ನೋಡಲು ಪ್ರಯತ್ನಿಸಿದೆ. ಬಹುಕಾಲ ಮಾಗಡಿ ತಾಲ್ಲೂಕಿಗೆ ಸೇರಿದ್ದ ಸೋಲೂರು ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ನೆಲಮಂಗಲಕ್ಕೂ ಕುಣಿಗಲಿಗೂ ನಡುವೆ ಇದೆ. ಬೆಂಗಳೂರಿನ ಬಳೇಪೇಟೆ, ಚಿಕ್ಕಪೇಟೆಗಳ ಪುಸ್ತಕದಂಗಡಿಗಳಿಗೆ ಅಲ್ಲಿಂದ ೫೦ ಕಿಲೋಮೀಟರಿಗಿಂತ ಹೆಚ್ಚು ದೂರವಿಲ್ಲ. ಆದರೆ ಹೊಲ, ತೋಟ, ಸಂತೆ, ಶಾಲೆಗಳ ನಡುವೆ ಬಾಳುವವನಿಗೆ ಒಂದು ಕಾದಂಬರಿಗಾಗಿ ಅಷ್ಟು ದಾರಿ ಹೋಗುವುದು ಸುಲಭದ ಮಾತಲ್ಲ. ಕನ್ನಡ ನಾಡಿನ ಓದುಗರಲ್ಲಿ ಬಹುಪಾಲು ಮಂದಿ ಇಂಥ ಊರುಗಳಲ್ಲಿಯೇ ಬಾಳಿದವರು. ಆದುದರಿಂದ ಪುಸ್ತಕ ವ್ಯಾಪಾರಿಯ ಮಾತು ಎಷ್ಟು ದೂರ ನಡೆಯಿತು, ಎಲ್ಲಿ ನಿಂತಿತು ಎಂಬುದನ್ನು ಅಳೆಯಲು ಇಂಥ ಊರೇ ತಕ್ಕ ಸ್ಥಾನ.

೨

ಇತರ ಪುಸ್ತಕಗಳಿಗೆ ಇಲ್ಲದ ಈ ಮಾತಿನ ಅಗತ್ಯ ಕಾದಂಬರಿಗೆ ಏಕೆ ಬಂದಿತೆಂಬುದನ್ನು ಮೊದಲು ವಿಚಾರಿಸಬೇಕು. ಪಂಚಾಂಗವನ್ನು ಕೊಳ್ಳುವವನಿಗೆ ಅದರ ಪ್ರಯೋಜನ ಗೊತ್ತು. ಕುಮಾರವ್ಯಾಸನ ಭಾರತವನ್ನೋ ಲಕ್ಷ್ಮೀಶನ ಜೈಮಿನಿಯನ್ನೋ ಕೊಳ್ಳುವವನಿಗೆ ಅದರ ಕಥೆ ಬಾಲ್ಯದಿಂದಲೇ ಗೊತ್ತು. ಗಮಕಿಯ ಬಾಯಿಂದ ಅದನ್ನು ಅವನು ಕೇಳಿರುತ್ತಾನೆ. ಹಳೆಯ ಕಾಲದ ಊರಿನಲ್ಲಿ ಯಾವ ಸಂಧಿಯನ್ನು ಯಾವ ದಿನ ಓದಬೇಕು, ಯಾವ ಭಾಗವನ್ನು ವಿಸ್ತರಿಸಬೇಕು ಎಂಬ ಆಯ್ಕೆ ಗಮಕಿಯದು, ವ್ಯಾಖ್ಯಾನಕಾರನದು. ಕೇಳುವವನಿಗೆ ಆಯ್ಕೆಯ ಹೊಣೆ ಇರಲಿಲ್ಲ.

ಕಾದಂಬರಿ ಈ ವ್ಯವಸ್ಥೆಯನ್ನು ಮುರಿಯಿತು. ಅದರ ಕಥೆ ಹೊಸದು. ಒಬ್ಬನೇ ಕುಳಿತು ಓದತಕ್ಕದ್ದು. ದುಡ್ಡು ಕೊಟ್ಟು ಮನೆಗೆ ಒಯ್ದು ಓದಿದ ಮೇಲೆಯೇ ಅದರ ಗುಣಾವಗುಣ ತಿಳಿಯತಕ್ಕದ್ದು. ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡಿ, ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ ಕೊಳ್ಳುವಂತೆ ಕಾದಂಬರಿಯನ್ನು ಕೊಳ್ಳಲಾಗದು. ಇಂಥ ಸರಕಿಗೆ ಯಾರಾದರೊಬ್ಬರು ಜಾಮೀನು ನಿಲ್ಲಬೇಕಾಗುತ್ತದೆ. ಗಮಕಿ ಬಿಟ್ಟ ಜಾಗವನ್ನು ಪುಸ್ತಕ ಮಾರುವವನು ತುಂಬಿದನು. ಆದರೆ ಇಬ್ಬರಿಗೂ ಒಂದು ವ್ಯತ್ಯಾಸವುಂಟು. ಗಮಕಿ ಓದಿದ ಸಂಧಿ ರುಚಿಸದಿದ್ದರೆ ಕೇಳುಗನಿಗೆ ನಷ್ಟವಿಲ್ಲ. ಅಂಗಡಿಯವನು ಹೊಗಳಿದ ಕಾದಂಬರಿ ರುಚಿಸದಿದ್ದರೆ ಓದುಗನು ದುಡ್ಡನ್ನು ಕಳೆದುಕೊಳ್ಳುತ್ತಾನೆ. ಅಂಗಡಿಯವನು ಗಿರಾಕಿಯನ್ನೇ ಕಳೆದುಕೊಳ್ಳುತ್ತಾನೆ. ಈ ಪರಸ್ಪರ ನಷ್ಟದ ಭಯವೇ ಆ ಮಾತಿಗೆ ಬೆಲೆಯನ್ನು ತಂದಿತು. ಪತ್ರಿಕೆಯ ವಿಮರ್ಶಕನಿಗೆ ಈ ಬಗೆಯ ದಂಡವಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಕನ್ನಡದಲ್ಲಿ ಕಾದಂಬರಿ ಬಂದ ಬಗೆಯೂ ಈ ಅಗತ್ಯವನ್ನು ಹೆಚ್ಚಿಸಿತು. ಬಿ. ವೆಂಕಟಾಚಾರ್ಯರು (೧೮೪೫–೧೯೧೪) ವಂಗಭಾಷೆಯಿಂದ ಬಂಕಿಮಚಂದ್ರರ ಕೃತಿಗಳನ್ನು ಕನ್ನಡಕ್ಕೆ ತಂದರು. ಅವರ ‘ದುರ್ಗೇಶನಂದಿನಿ’ ೧೮೮೫ರಲ್ಲಿ ಹೊರಬಿದ್ದಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ೧೮೯೯ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಪ್ರಕಟವಾಯಿತು. ಎಂ. ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ ೧೯೧೫ರಲ್ಲಿ ಬಂದಿತು. ಇದೇ ಪುಟ್ಟಣ್ಣನವರು ಸೋಲೂರಿನ ನೆರೆಯ ಕುಣಿಗಲಿನ ವಿದ್ವಾಂಸರೊಬ್ಬರ ಜೀವನವನ್ನು ಕುರಿತು ‘ಕುಣಿಗಲ ರಾಮಶಾಸ್ತ್ರಿಗಳ ಚರಿತ್ರೆ’ಯನ್ನೂ ಬರೆದರು. ಹೀಗೆ ಕಲ್ಕತ್ತೆಯ ಕಥೆ, ಕರಾವಳಿಯ ಕಥೆ, ಹಳೆಯ ಮೈಸೂರಿನ ಕಥೆ ಇವು ಮೂರೂ ಸುಮಾರು ೩೦ ವರ್ಷಗಳ ಅವಧಿಯೊಳಗೆ ಕನ್ನಡ ಓದುಗನ ಮುಂದೆ ಬಂದು ನಿಂತವು. ಇವುಗಳಲ್ಲಿ ತನಗೆ ಯಾವುದು ಹಿಡಿಸೀತೆಂದು ತಿಳಿಯಲು ಅವನಿಗೆ ಪೂರ್ವಪರಿಚಯದ ಆಧಾರವೇನೂ ಇರಲಿಲ್ಲ.

೩

ಆ ಕಾಲದಲ್ಲಿ ಅಂಗಡಿಯೇ ಓದುಗನ ಬಳಿಗೆ ನಡೆದುಹೋಗಬೇಕಾಗಿತ್ತು. ಹೊತ್ತು ಮಾರುವ ಪದ್ಧತಿಯನ್ನು ಕರಾವಳಿಯಲ್ಲಿ ಕ್ರೈಸ್ತ ಮಿಷನರಿಗಳು ಮೊದಲೇ ರೂಢಿಗೆ ತಂದಿದ್ದರು; ಮತಪ್ರಚಾರದ ಪುಸ್ತಿಕೆಗಳನ್ನು ಹೊತ್ತು ಊರೂರು ಅಲೆಯುವ ಮಾರಾಟಗಾರರು ಅವರಲ್ಲಿದ್ದರು. ಕಾದಂಬರಿಗಾಗಿ ಇದೇ ಕಷ್ಟವನ್ನು ಸ್ವೀಕರಿಸಿದವರಲ್ಲಿ ಅಗ್ರಗಣ್ಯರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ (೧೮೬೯–೧೯೪೨) ಎಂಬುದು ಅವರ ನಿಜನಾಮ. ಶಾಲಾ ಉಪಾಧ್ಯಾಯರಾಗಿದ್ದ ಅವರು ಅಗಡಿಯ ಆನಂದವನದಿಂದ ೧೯೦೭ರಲ್ಲಿ ಆರಂಭವಾದ ‘ಸದ್ಬೋಧ ಚಂದ್ರಿಕೆ’ಯ ಮೂಲಕ ಸಹಸ್ರಾರು ಮನೆಗಳಿಗೆ ಕನ್ನಡ ಗದ್ಯವನ್ನು ಮುಟ್ಟಿಸಿದರು. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ಇಳಿಸಿದರು; ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾವಿಲಾಸ’ವನ್ನು ರಚಿಸಿದರು.

ಅವರು ಪುಸ್ತಕದ ಗಂಟನ್ನು ಹೊತ್ತು ಹಳ್ಳಿಹಳ್ಳಿಗೆ ಹೋಗಿ ಮನೆಯ ಬಾಗಿಲಲ್ಲಿ ನಿಂತು ಮಾರಿದರೆಂಬ ಸಂಗತಿ ಕನ್ನಡಿಗರಿಗೆಲ್ಲ ಪರಿಚಿತವಾದುದು. ಇದನ್ನು ತ್ಯಾಗದ ಕಥೆಯಾಗಿ ಹೇಳುವುದೇ ಹೆಚ್ಚು. ತ್ಯಾಗವೆಂಬುದರಲ್ಲಿ ಸಂದೇಹವಿಲ್ಲ, ಆದರೆ ಇದರಲ್ಲಿ ಸಾಹಿತ್ಯಚರಿತ್ರೆಗೆ ಸಂಬಂಧಪಟ್ಟ ಇನ್ನೊಂದು ಅಂಶವಿದೆ. ಬಾಗಿಲಲ್ಲಿ ನಿಂತು ಮಾರುವವನು ಮನೆಯವರ ಸ್ಥಿತಿಗತಿಗಳನ್ನು ಕಣ್ಣಾರೆ ನೋಡುತ್ತಾನೆ. ಈ ಮನೆಯಲ್ಲಿ ಓದು ಬಲ್ಲವರು ಯಾರು, ಗಂಡಸರೋ ಹೆಂಗಸರೋ, ಅವರು ಕಥೆಯನ್ನು ಬಯಸುವರೋ ನೀತಿಯನ್ನು ಬಯಸುವರೋ ಎಂಬುದು ಅವನಿಗೆ ಅಲ್ಲಿಯೇ ತಿಳಿಯುತ್ತದೆ. ಬರೆಯುವವರೇ ಮಾರುವವರೂ ಆದಾಗ ಈ ತಿಳಿವಳಿಕೆ ಮತ್ತೆ ಬರವಣಿಗೆಗೆ ಒದಗುವುದು ಸಹಜ. ಗಳಗನಾಥರ ಗದ್ಯದಲ್ಲಿ ಕಾಣುವ ವಾಚಕಸಂಬೋಧನೆ, ನಡುನಡುವೆ ನಿಂತು ಬುದ್ಧಿ ಹೇಳುವ ರೀತಿ, ಕಥೆಯ ಕುತೂಹಲವನ್ನು ಕೈಬಿಡದ ಎಚ್ಚರ ಇವುಗಳಿಗೆ ಆ ಬಾಗಿಲುಗಳ ಅನುಭವವೂ ಒಂದು ಕಾರಣವೆಂದು ಊಹಿಸಲು ಅವಕಾಶವುಂಟು.

ಈ ಪರಂಪರೆಗೆ ರಾಮನಗರದ ಕಡೆಯ ಕೊಂಡಿಯೂ ಇದೆ. ರಾಮನಗರದಲ್ಲಿ ಹುಟ್ಟಿದ ಜಿ. ಪಿ. ರಾಜರತ್ನಂ ಅವರು ಪುಸ್ತಕಗಳನ್ನು ತಾವೇ ಅಚ್ಚುಹಾಕಿಸಿ, ಚೀಲದಲ್ಲಿ ಹೊತ್ತು, ತಾವೇ ಮಾರಿದವರು. ಅವರು ಮಾರಿದ್ದು ಹೆಚ್ಚಾಗಿ ಕವಿತೆ, ಬೌದ್ಧ ಜೈನ ಸಾಹಿತ್ಯ ಮತ್ತು ಮಕ್ಕಳ ಪುಸ್ತಕಗಳನ್ನು, ಕಾದಂಬರಿಯನ್ನಲ್ಲ. ಆದರೂ ಕಾಲೇಜಿನ ಅಧ್ಯಾಪಕನೊಬ್ಬನು ಪುಸ್ತಕ ಮಾರುವುದನ್ನು ಅಗೌರವವೆಂದು ಭಾವಿಸದೆ, ವಿದ್ಯಾರ್ಥಿಗಳ ಕೈಗೆ ಓದತಕ್ಕ ಪುಸ್ತಕವನ್ನು ತಾನೇ ಇಡುವುದು ಪಾಠದ ಮುಂದುವರಿಕೆಯೆಂದು ತಿಳಿದ ದೃಷ್ಟಾಂತ ಇದು.

ಹೊತ್ತು ಹೋಗಲಾಗದ ಕಡೆಗೆ ಅಂಚೆ ಹೋಯಿತು. ವಿ.ಪಿ.ಪಿ. ಎಂಬ ಅಂಚೆಯ ಸೌಕರ್ಯದಿಂದ, ಪುಸ್ತಕ ಕೈಸೇರಿದಾಗ ಅಂಚೆಯವನಿಗೆ ಹಣ ಕೊಟ್ಟು ಬಿಡಿಸಿಕೊಳ್ಳುವ ಅನುಕೂಲ ಓದುಗನಿಗೆ ಒದಗಿತು. ಸೋಲೂರಿನಂಥ ಊರಿಗೆ ಪುಸ್ತಕದಂಗಡಿ ಬಾರದಿದ್ದರೂ ಅಂಚೆ ಬರುತ್ತಿತ್ತು. ಆದರೆ ಅಂಚೆ ಪುಸ್ತಕವನ್ನು ತರಬಲ್ಲದು, ಮಾತನ್ನು ತರಲಾರದು. ಯಾವ ಪುಸ್ತಕವನ್ನು ತರಿಸಬೇಕೆಂದು ಹೇಳುವವರು ಬೇರೆಯೇ ಬೇಕಾಗಿತ್ತು. ಹಳ್ಳಿಗಳಲ್ಲಿ ಆ ಕೆಲಸ ಬಹುಮಟ್ಟಿಗೆ ಶಾಲೆಯ ಮೇಷ್ಟರ ಮೇಲೆ ಬಿದ್ದಿತು.

೪

ಅಂಚೆಗೆ ಮಾತನ್ನೂ ಹೊರಿಸಿದ ಪ್ರಯೋಗ ನಡೆದದ್ದು ಧಾರವಾಡದಲ್ಲಿ. ಜಡಭರತ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ಜಿ. ಬಿ. ಜೋಶಿಯವರು ೧೯೩೩ರಲ್ಲಿ ಮನೋಹರ ಗ್ರಂಥಮಾಲೆಯನ್ನು ಸ್ಥಾಪಿಸಿದರು. ಓದುಗನು ವರ್ಷಕ್ಕೆ ಇಷ್ಟೆಂದು ಚಂದಾ ಕಟ್ಟುವುದು, ಮಾಲೆಯವರು ಆರಿಸಿದ ಪುಸ್ತಕಗಳು ಅವನ ಮನೆಗೆ ಬರುವುದು, ಇದು ಅದರ ಕ್ರಮ. ಬೇಂದ್ರೆ ಮೊದಲಾದ ಗೆಳೆಯರ ಗುಂಪಿನ ಲೇಖಕರ ಸಲಹೆ ಅದಕ್ಕಿತ್ತು. ಮುಂದೆ ಕೀರ್ತಿನಾಥ ಕುರ್ತಕೋಟಿಯವರು ಸಾಹಿತ್ಯ ಸಲಹೆಗಾರರಾಗಿ ಅದರ ಆಯ್ಕೆಗೆ ಒಂದು ದೃಷ್ಟಿಯನ್ನು ಕೊಟ್ಟರು.

ಈ ಕ್ರಮದ ವಿಶೇಷವನ್ನು ಚೆನ್ನಾಗಿ ತಿಳಿಯಬೇಕು. ಚಂದಾದಾರನು ಕೊಂಡುಕೊಳ್ಳುವುದು ಒಂದು ಗೊತ್ತಾದ ಪುಸ್ತಕವನ್ನಲ್ಲ; ಇನ್ನೊಬ್ಬರ ಅಭಿರುಚಿಯ ಮೇಲಣ ವಿಶ್ವಾಸವನ್ನು. ಅಮೆರಿಕದಲ್ಲಿ ೧೯೨೬ರಲ್ಲಿ ಆರಂಭವಾದ ಬುಕ್ ಆಫ್ ದಿ ಮಂತ್ ಕ್ಲಬ್ಬು ಇದೇ ಬಗೆಯಾಗಿ, ತಜ್ಞರ ಸಮಿತಿಯೊಂದು ಆರಿಸಿದ ಪುಸ್ತಕವನ್ನು ಸದಸ್ಯರಿಗೆ ಕಳುಹಿಸುತ್ತಿತ್ತು. ಆದರೆ ಧಾರವಾಡದ ಪ್ರಯತ್ನ ಬೇರೊಂದು ಅಂಶದಲ್ಲಿ ಅದಕ್ಕಿಂತ ಸಾಹಸದ್ದು. ಅಮೆರಿಕದ ಕ್ಲಬ್ಬು ಇತರ ಪ್ರಕಾಶಕರು ಅಚ್ಚುಮಾಡಿದ ಪುಸ್ತಕಗಳಿಂದ ಆರಿಸುತ್ತಿತ್ತು. ಮನೋಹರ ಗ್ರಂಥಮಾಲೆ ಹಸ್ತಪ್ರತಿಯನ್ನೇ ಆರಿಸಿ, ಅಚ್ಚುಹಾಕಿಸಿ, ಅದಕ್ಕೆ ಜಾಮೀನು ನಿಂತಿತು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ೧೯೬೫ರಲ್ಲಿ ಈ ಮಾಲೆಯಿಂದಲೇ ಪ್ರಕಟವಾಯಿತು. ಆಗ ಆ ಲೇಖಕರಿಗೆ ಕಾದಂಬರಿಕಾರನೆಂಬ ಹೆಸರಿರಲಿಲ್ಲ; ಕಾದಂಬರಿಯ ವಸ್ತುವೋ ಅನೇಕರಿಗೆ ನೋವನ್ನುಂಟುಮಾಡತಕ್ಕದ್ದು. ಅಂಗಡಿಯಲ್ಲಿ ಒಬ್ಬೊಬ್ಬ ಗಿರಾಕಿಯಾಗಿ ಕಾದುಕೊಂಡಿದ್ದರೆ ಅದರ ದಾರಿ ದೀರ್ಘವಾಗುತ್ತಿತ್ತು. ಚಂದಾದಾರರ ಪಟ್ಟಿ ಅದಕ್ಕೆ ಮೊದಲ ಓದುಗರನ್ನು ಸಿದ್ಧಪಡಿಸಿ ಕೊಟ್ಟಿತು. ಗಿರೀಶ ಕಾರ್ನಾಡರ ‘ಯಯಾತಿ’ಯೂ (೧೯೬೧) ಇದೇ ದಾರಿಯಿಂದ ಬಂದುದು. ಧಾರವಾಡದ ಸುಭಾಷ್ ರಸ್ತೆಯಲ್ಲಿ ಮಾಲೆಯ ಕಾರ್ಯಾಲಯವಿದ್ದ ಮೇಲಂತಸ್ತಿಗೆ ‘ಅಟ್ಟ’ವೆಂದೇ ಹೆಸರಾಯಿತು. ಲೇಖಕ, ಪ್ರಕಾಶಕ, ಮಾರಾಟಗಾರ, ಓದುಗ ಈ ನಾಲ್ವರೂ ಒಂದೇ ಚಾಪೆಯ ಮೇಲೆ ಕುಳಿತು ಪುಸ್ತಕದ ಮಾತನ್ನಾಡಿದ ಸ್ಥಳವದು.

೫

ನಗರಗಳಲ್ಲಿ ಇದೇ ಕಾಲದಲ್ಲಿ ಅಂಗಡಿಯ ಕಟ್ಟೆ ಬಲಗೊಂಡಿತು. ಮೈಸೂರಿನಲ್ಲಿ ಕೂಡಲಿ ಚಿದಂಬರಂ ಅವರ ಕಾವ್ಯಾಲಯ, ಬೆಂಗಳೂರಿನ ಬಳೇಪೇಟೆಯಲ್ಲಿ ಎಸ್. ಎಲ್. ಭೈರಪ್ಪನವರ ಕಾದಂಬರಿಗಳ ಪ್ರಕಾಶಕರಾದ ಸಾಹಿತ್ಯ ಭಂಡಾರ ಮುಂತಾದವು ಪ್ರಕಾಶನ, ಮಾರಾಟ ಎರಡನ್ನೂ ನಡೆಸಿದವು. ಅ. ನ. ಕೃಷ್ಣರಾಯರು ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು, ತ. ರಾ. ಸುಬ್ಬರಾಯರು, ತ್ರಿವೇಣಿ ಮೊದಲಾದವರಿಂದ ಕಾದಂಬರಿಯ ಓದು ಮನೆಮನೆಯ ಅಭ್ಯಾಸವಾಯಿತು. ಮೊದಲು ಪುಸ್ತಕದ ಅಭಾವವೇ ಓದುಗನ ಕಷ್ಟವಾಗಿತ್ತು; ಈಗ ಪುಸ್ತಕಗಳ ಸಂಖ್ಯೆಯೇ ಕಷ್ಟವಾಯಿತು. ಆಯ್ಕೆಗೆ ನೆರವಾಗುವ ಮಾತು ಹಿಂದಿಗಿಂತ ಹೆಚ್ಚು ಬೇಕಾಯಿತು.

ಈ ಮಾತನ್ನು ಒಂದು ಕಲೆಯಾಗಿ ಬೆಳೆಸಿದ ವ್ಯಾಪಾರಿಗಳಲ್ಲಿ ಇಬ್ಬರನ್ನು ಇಲ್ಲಿ ಹೆಸರಿಸಬಹುದು. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಬಳಿ ಟಿ. ಎಸ್. ಶಾನಭಾಗರು ೧೯೭೧ರಿಂದ ೨೦೦೯ರವರೆಗೆ ಪ್ರೀಮಿಯರ್ ಬುಕ್ ಶಾಪನ್ನು ನಡೆಸಿದರು. ಅಲ್ಲಿ ಇದ್ದುದು ಮುಖ್ಯವಾಗಿ ಇಂಗ್ಲಿಷ್ ಪುಸ್ತಕಗಳು. ಆದರೆ ಅಲ್ಲಿಗೆ ಹೋಗುತ್ತಿದ್ದವರಲ್ಲಿ ಕನ್ನಡದ ಲೇಖಕರು, ಅಧ್ಯಾಪಕರು ಅನೇಕರು. ನೆಲದಿಂದ ಸೂರಿನವರೆಗೆ ಅಡಕಿದ ರಾಶಿಯಲ್ಲಿ ಯಾವ ಪುಸ್ತಕ ಎಲ್ಲಿದೆಯೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಗಿರಾಕಿಯ ಓದಿನ ಜಾಡನ್ನು ನೆನಪಿಟ್ಟು, ಅವನಿಗೆ ಒಪ್ಪುವ ಹೊಸ ಪುಸ್ತಕವನ್ನು ಎಳೆದುಕೊಡುತ್ತಿದ್ದರು. ಅವರ ಚಿಕ್ಕಪ್ಪಂದಿರ ಪೈಕಿಯವರಾದ ಟಿ. ಎನ್. ಶಾನಭಾಗರು ೧೯೪೮ರಲ್ಲಿ ಮುಂಬಯಿಯ ಸ್ಟ್ರ್ಯಾಂಡ್ ಚಿತ್ರಮಂದಿರದಲ್ಲಿ ಒಂದು ಸಣ್ಣ ಮಳಿಗೆಯಿಂದ ಆರಂಭಿಸಿ ಸ್ಟ್ರ್ಯಾಂಡ್ ಬುಕ್ ಸ್ಟಾಲನ್ನು ಕಟ್ಟಿದವರು. ಆ ಮಳಿಗೆ ೨೦೧೮ರಲ್ಲಿ ಮುಚ್ಚಿತು.

ಎರಡನೆಯವರು ಮಂಗಳೂರಿನ ಜಿ. ಎನ್. ಅಶೋಕವರ್ಧನರು. ಅವರು ೧೯೭೫ರಲ್ಲಿ ತೆರೆದ ಅತ್ರಿ ಬುಕ್ ಸೆಂಟರ್ ೨೦೧೨ರಲ್ಲಿ ಮುಚ್ಚಿತು. ಶಾನಭಾಗರು ಮಾತು ಕಡಮೆ ಆಡಿದವರಾದರೆ ಅಶೋಕವರ್ಧನರು ತಮ್ಮ ಕಸಬಿನ ನೀತಿಯನ್ನು ಕುರಿತು ಬಾಯಿಬಿಟ್ಟು ಹೇಳಿದರು, ಬರೆದರು. ಪ್ರಕಾಶಕನು ಸರಕಾರದ ಖರೀದಿಯನ್ನು ನೆಚ್ಚಿದರೆ ಓದುಗನನ್ನು ಮರೆಯುತ್ತಾನೆ ಎಂಬುದು ಅವರ ವಾದದ ಸಾರ. ಈ ವಾದವನ್ನು ಮುಂದಿನ ಭಾಗದಲ್ಲಿ ಪರಿಶೀಲಿಸುವುದು ಅವಶ್ಯ.

ಈ ಕಸಬನ್ನು ಸಮಾಜವು ಗೌರವಿಸಿದ ಉದಾಹರಣೆ ಹೊರದೇಶದಲ್ಲಿ ಸಿಕ್ಕುತ್ತದೆ. ಜಪಾನಿನಲ್ಲಿ ಪುಸ್ತಕದಂಗಡಿಗಳ ನೌಕರರೇ ಮತ ಹಾಕಿ ವರ್ಷದ ಕಾದಂಬರಿಯನ್ನು ಆರಿಸುವ ಪ್ರಶಸ್ತಿಯೊಂದು ೨೦೦೪ರಿಂದ ನಡೆದುಬಂದಿದೆ. ವಿದ್ವಾಂಸರ ಸಮಿತಿಗೆ ಅದರಲ್ಲಿ ಎಡೆಯಿಲ್ಲ. ಗಿರಾಕಿಯ ಎದುರು ನಿಂತು ದಿನವೂ ಮಾರುವವನ ಅಭಿರುಚಿಗೆ ಒಂದು ಅಧಿಕಾರವುಂಟೆಂದು ಒಪ್ಪಿಕೊಂಡ ಕ್ರಮವಿದು. ನಮ್ಮಲ್ಲಿ ಲೇಖಕನಿಗೆ, ಪ್ರಕಾಶಕನಿಗೆ ಪ್ರಶಸ್ತಿಗಳುಂಟು. ಅಂಗಡಿಯ ನೌಕರನ ಅಭಿಪ್ರಾಯವನ್ನು ಕೇಳುವ ವಾಡಿಕೆ ಬೆಳೆಯಲಿಲ್ಲ.

೬

ನಗರದ ಕಟ್ಟೆಯ ಮಾತು ಸೋಲೂರಿನಂಥ ಊರಿಗೆ ಎಷ್ಟರಮಟ್ಟಿಗೆ ತಲುಪಿತು? ಬಸ್ಸು ಸಂಚಾರ ಹೆಚ್ಚಿದಂತೆ ಬಸ್ಸು ನಿಲ್ದಾಣದ ಅಂಗಡಿಗಳಲ್ಲಿ ಅಗ್ಗದ ಕಾದಂಬರಿಗಳು ದೊರೆತವು. ೫೦೦ಕ್ಕೂ ಮೇಲ್ಪಟ್ಟು ಪತ್ತೇದಾರಿ ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರು ಅಕ್ಷರ ಬಲ್ಲ ಸಾಮಾನ್ಯರಲ್ಲಿ ಓದಿನ ಚಟವನ್ನು ಹುಟ್ಟಿಸಿದರು. ವಾರಪತ್ರಿಕೆಗಳ ಧಾರಾವಾಹಿಗಳು ಹಳ್ಳಿಗಳಿಗೂ ಹೋದವು. ಇವುಗಳ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ನಿಲ್ದಾಣದ ಅಂಗಡಿಯಲ್ಲಿ ನಿಂತು ಮಾತನಾಡಲು ಬಸ್ಸು ಬಿಡುವು ಕೊಡುವುದಿಲ್ಲ. ಧಾರಾವಾಹಿಯಲ್ಲಿ ಆಯ್ಕೆ ಸಂಪಾದಕನದು.

ಪುಸ್ತಕ ಮತ್ತು ಮಾತು ಎರಡನ್ನೂ ಹಳ್ಳಿಗೆ ಒಯ್ಯಬಲ್ಲ ಸಾಧನವಾಗಿ ಬಂದದ್ದು ಸಾರ್ವಜನಿಕ ಗ್ರಂಥಾಲಯ. ೧೯೬೫ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ನಮ್ಮ ರಾಜ್ಯದ ಹೆಮ್ಮೆಯ ಶಾಸನಗಳಲ್ಲೊಂದು. ಅನಂತರದ ದಶಕಗಳಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದವರೆಗೂ ಗ್ರಂಥಾಲಯಗಳು ಹಬ್ಬಿದವು. ಇಂದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸಂಖ್ಯೆ ೫,೦೦೦ವನ್ನು ಮೀರಿದೆ. ೨೦೧೯ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದು, ಮುಂದೆ ‘ಅರಿವು ಕೇಂದ್ರ’ಗಳೆಂಬ ಹೆಸರನ್ನು ಪಡೆದವು.

ಇವುಗಳಿಗಾಗಿ ಸರಕಾರ ಪುಸ್ತಕಗಳನ್ನು ಸಗಟಾಗಿ ಕೊಂಡಿತು. ಇದರಿಂದ ಆದ ಲಾಭ ಸ್ಪಷ್ಟ. ಮಾರುಕಟ್ಟೆಯಿಲ್ಲದ ಅನೇಕ ಒಳ್ಳೆಯ ಪುಸ್ತಕಗಳು ಬದುಕಿದವು. ದುಡ್ಡಿಲ್ಲದ ಓದುಗನಿಗೂ ಕಾದಂಬರಿ ದೊರೆಯಿತು. ಆದರೆ ಈ ಕ್ರಮದಲ್ಲಿ ಪುಸ್ತಕವನ್ನು ಆರಿಸುವವರು ರಾಜಧಾನಿಯ ಸಮಿತಿಯವರು. ಅದನ್ನು ಓದುಗನ ಕೈಗೆ ಕೊಡುವವನು ಹಳ್ಳಿಯ ಗ್ರಂಥಾಲಯದ ಮೇಲ್ವಿಚಾರಕ. ಆರಿಸಿದವರಿಗೆ ಓದುಗನು ಯಾರೆಂದು ಗೊತ್ತಿಲ್ಲ. ಓದುಗನನ್ನು ಬಲ್ಲವನಿಗೆ ಆರಿಸುವ ಅಧಿಕಾರವಿಲ್ಲ. ಗಳಗನಾಥರಲ್ಲಿ ಒಂದೇ ವ್ಯಕ್ತಿಯಲ್ಲಿ ಕೂಡಿದ್ದ ಎರಡು ಗುಣಗಳು ಇಲ್ಲಿ ಬೇರ್ಪಟ್ಟವು. ಪುಸ್ತಕ ಓದುಗನಿಗೆ ಹಿಡಿಸದೆ ಹೋದರೆ ನಷ್ಟ ಯಾರಿಗೂ ತಟ್ಟುವುದಿಲ್ಲ. ಅದು ಕಪಾಟಿನಲ್ಲಿ ಧೂಳು ಹಿಡಿಯುತ್ತದೆ, ಅಷ್ಟೆ. ಅಶೋಕವರ್ಧನರ ಆಕ್ಷೇಪಣೆಯ ತಿರುಳು ಇದೇ. ಸಗಟು ಖರೀದಿಯೇ ಬೇಡವೆಂಬಷ್ಟು ದೂರ ಹೋಗಲು ಈ ಲೇಖಕನಿಗೆ ಮನಸ್ಸಿಲ್ಲ. ಬಡ ಓದುಗನಿಗೆ ಅದರಿಂದ ಆದ ಉಪಕಾರ ದೊಡ್ಡದು. ಆದರೆ ಜಾಮೀನಿಲ್ಲದ ಆಯ್ಕೆಯಿಂದ ಓದು ಬೆಳೆಯುವುದಿಲ್ಲವೆಂಬ ಅವರ ನಿರ್ಣಯ ಚರಿತ್ರೆಗೆ ಒಪ್ಪುವಂಥದು.

೭

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಕನ್ನಡ ಕಾದಂಬರಿಯ ಓದುಗವರ್ಗ ತಾನಾಗಿ ಹುಟ್ಟಿದ್ದಲ್ಲ. ತಮ್ಮ ಅಭಿರುಚಿಯನ್ನು ಒತ್ತೆಯಿಟ್ಟು ಮಾತನಾಡಿದ ಮಾರಾಟಗಾರರು ಅದನ್ನು ಒಬ್ಬೊಬ್ಬರನ್ನಾಗಿ ಕೂಡಿಸಿದರು. ಈ ಮಾತು ಹೆಗಲಿನ ಗಂಟು, ಚಂದಾದಾರರ ಪಟ್ಟಿ, ಅಂಗಡಿಯ ಕಟ್ಟೆ ಎಂಬ ಮೂರು ರೂಪಗಳನ್ನು ತಾಳಿತು. ಓದುಗನನ್ನು ಬಲ್ಲವನೇ ಪುಸ್ತಕವನ್ನು ಆರಿಸುವುದು, ಆಯ್ಕೆ ತಪ್ಪಿದರೆ ಅದರ ನಷ್ಟವನ್ನು ತಾನೂ ಹೊರುವುದು, ಈ ಎರಡು ಲಕ್ಷಣಗಳು ಮೂರರಲ್ಲಿಯೂ ಸಮಾನ. ಇವು ಇರುವ ಕಡೆ ಹೊಸ ಬರವಣಿಗೆಗೆ ದಾರಿಯಾಯಿತು. ಇಲ್ಲದ ಕಡೆ ಪುಸ್ತಕಗಳು ಸೇರಿದವು, ಓದುಗರು ಸೇರಲಿಲ್ಲ.

ಇದರಿಂದ ಎರಡು ಕರ್ತವ್ಯಗಳು ಒದಗುತ್ತವೆ. ಮೊದಲನೆಯದು ಸಂಶೋಧಕರದು. ಪುಸ್ತಕದಂಗಡಿಗಳು ಒಂದೊಂದಾಗಿ ಮುಚ್ಚುತ್ತಿರುವ ಈ ಕಾಲದಲ್ಲಿ ಹಳೆಯ ಬೆಲೆಪಟ್ಟಿಗಳು, ಚಂದಾದಾರರ ದಫ್ತರಗಳು, ವ್ಯಾಪಾರಿಗಳಿಗೆ ಓದುಗರು ಬರೆದ ಕಾಗದಗಳು ರದ್ದಿಯ ಪಾಲಾಗುವುದಕ್ಕೆ ಮೊದಲು ಅವನ್ನು ಸಂಗ್ರಹಿಸಬೇಕು. ಅಂಗಡಿಗಳಲ್ಲಿ ದುಡಿದು ವೃದ್ಧರಾದ ನೌಕರರ ನೆನಪುಗಳನ್ನು ಬರೆದಿಟ್ಟುಕೊಳ್ಳಬೇಕು. ಶಾಸನವನ್ನೂ ತಾಳೆಗರಿಯನ್ನೂ ಕಾಪಾಡಿದ ವಿಶ್ವವಿದ್ಯಾನಿಲಯಗಳಿಗೆ ಇದು ಅಲ್ಪವೆಂದು ತೋರಬಾರದು. ಒಂದು ಕಾದಂಬರಿಯನ್ನು ಯಾವ ಊರಿನ ಯಾರು ತರಿಸಿಕೊಂಡರೆಂಬುದು ಆ ಕಾದಂಬರಿಯ ಚರಿತ್ರೆಯ ಅಂಗವೇ.

ಎರಡನೆಯದು ಆಡಳಿತಗಾರರದು. ಹೋಬಳಿ, ಪಂಚಾಯಿತಿಗಳ ಗ್ರಂಥಾಲಯಗಳಿಗೆ ಕೊಳ್ಳುವ ಪುಸ್ತಕಗಳಲ್ಲಿ ಸ್ವಲ್ಪ ಭಾಗವನ್ನಾದರೂ ಅಲ್ಲಿಯ ಮೇಲ್ವಿಚಾರಕರೇ ಓದಿ ಆರಿಸುವಂತೆ ಅವಕಾಶ ಕೊಡಬೇಕು. ಆರಿಸಿದ ಪುಸ್ತಕದ ಪಕ್ಕದಲ್ಲಿ, ತಾವು ಅದನ್ನು ಮೆಚ್ಚಿದ ಕಾರಣವನ್ನು ಎರಡು ಸಾಲಿನಲ್ಲಿ ಬರೆದಿಡುವಂತೆ ಹೇಳಬೇಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಇಲಾಖೆ ಬೇಡ. ಸೋಲೂರಿನ ಓದುಗನಿಗೂ ಬೆಂಗಳೂರಿನ ಅಂಗಡಿಗೂ ನಡುವೆ ಇದ್ದ ಐವತ್ತು ಕಿಲೋಮೀಟರ್ ದಾರಿ ಇಂದು ಒಂದು ಗಂಟೆಯ ಪಯಣ. ಪುಸ್ತಕವನ್ನು ಮನೆಯಲ್ಲಿ ಕುಳಿತೇ ತರಿಸಿಕೊಳ್ಳುವ ಅನುಕೂಲವೂ ಒದಗಿದೆ. ಪುಸ್ತಕ ಓದುಗನಿಗೆ ಹತ್ತಿರವಾಗಿದೆ. ಅವನ ಮುಖ ನೋಡಿ, “ನಿಮಗೆ ಇದು ಹಿಡಿಸುತ್ತದೆ, ಹಿಡಿಸದಿದ್ದರೆ ಬಂದು ನನ್ನನ್ನು ಕೇಳಿ” ಎಂದು ಹೇಳುವವನು ಮಾತ್ರ ದೂರವಾಗಿದ್ದಾನೆ. ಅವನನ್ನು ಮತ್ತೆ ಊರೊಳಕ್ಕೆ ತರುವುದು ಅಸಾಧ್ಯವಾದ ಕೆಲಸವಲ್ಲ.